ಉಜ್ಜಿದ ಕಬ್ಬಿಣ ವಾಪಸ್ ಬರುವುದಿಲ್ಲ ಸ್ವಾಮೀ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಹುಚ್ಚರಿಗೆ ಹಬ್ಬ. ಈ ಸಲವೂ ಪುಣೆಯಲ್ಲಿ ಸೇರಿದ್ದೆವು. ಜಿಟಿಜಿಟಿ ಮಳೆ, ನೀಲಿ ಹೊಗೆ, ಟು-ಸ್ಟ್ರೋಕ್ ಎಣ್ಣೆಯ ವಾಸನೆ... ಅಲ್ಲೊಬ್ಬ ಇಪ್ಪತ್ತೈದರ ಹುಡುಗ ಥಳಥಳ ಹೊಳೆಯುವ ಹಳೇ ಜಾವಾ ನಿಲ್ಲಿಸಿಕೊಂಡು ಸುತ್ತಲಿದ್ದವರಿಗೆ ವಿವರಿಸುತ್ತಿದ್ದ. "ಕಾಕಾ, ಪೋರ್ಟಿಂಗ್ ಮಾಡಿಸಿದೀನಿ, ಹೆಡ್ ಕೆರೆಸಿದೀನಿ, ದೊಡ್ಡ ಕಾರ್ಬುರೇಟರ್ ಹಾಕಿಸಿದೀನಿ. ಹನ್ನೆರಡು ಬಿ.ಎಚ್.ಪಿ. ಇದ್ದದ್ದು ಈಗ ಹದಿನೆಂಟು" ಅಂದ ಮರಾಠಿಯಲ್ಲಿ. ಎಲ್ಲಿ ಅಳೆಸಿದೆಯಪ್ಪಾ ಎಂದೆ. "ಅಳೆಯೋದೇನು ಕಾಕಾ, ಫೀಲ್ ಆಗುತ್ತೆ" ಅಂದ.

ಫೀಲ್! ಆಡಿಟ್ ಆಗದ ಬ್ಯಾಲೆನ್ಸ್ ಶೀಟ್ ಹಿಡಿದುಕೊಂಡು ಬಂದು "ಲಾಭ ಇದೆ ಸಾರ್, ಫೀಲ್ ಆಗುತ್ತೆ" ಎನ್ನುವ ಗಿರಾಕಿಗೆ ನಾನು ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಸಾಲ ಮಂಜೂರು ಮಾಡಿಲ್ಲ. ಆದರೆ ಹಳೇ ಎಂಜಿನ್ನಿನ ವಿಷಯ ಬಂದರೆ ಊರಿಗೆ ಊರೇ ಫೀಲ್ ಮೇಲೆ ನಡೆಯುತ್ತಿದೆ. ಅದಕ್ಕೇ ಈ ಜಗಳ.

ಮೊದಲು ಲೆಕ್ಕ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ 250 ಗಾಡಿಯ ಬೋರ್ 65 ಮಿ.ಮೀ, ಸ್ಟ್ರೋಕ್ 75 ಮಿ.ಮೀ. ಅಂದರೆ ಉದ್ದ ಸ್ಟ್ರೋಕಿನ ಎಂಜಿನ್. ಪಿಸ್ಟನ್ ಒಂದು ಸುತ್ತಿಗೆ ಮೇಲೆ 75, ಕೆಳಗೆ 75, ಒಟ್ಟು 150 ಮಿ.ಮೀ ಓಡುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗಿದರೆ 750 ಮೀಟರ್. ಈಗ ಹುಡುಗರ ಆರಾಧ್ಯ ದೈವ ಯಮಹಾ ಆರ್.ಎಕ್ಸ್. 100 ತಗೊಳ್ಳಿ. ಅದರ ಬೋರೂ 50, ಸ್ಟ್ರೋಕೂ 50. ಅದರ ಪಿಸ್ಟನ್ ಅದೇ 750 ಮೀಟರ್ ಓಡಲು 7,500 ಸುತ್ತು ತಿರುಗಬೇಕು. ಜಾವಾದ 5,000 ಅಂದರೆ ಯಮಹಾದ 7,500. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ನನ್ನ ಬಿ.ಕಾಂ ಸಾಕು.

ಯಮಹಾಕ್ಕೆ ಮಾಡಿದ ಹಾಗೆ ಜಾವಾಕ್ಕೂ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಉಜ್ಜಿ 7,000 ಸುತ್ತು ತಿರುಗಿಸುತ್ತೇನೆ ಅಂದರೆ ಏನಾಗುತ್ತದೆ? ವೇಗ ಶೇ. 40 ಹೆಚ್ಚು. ಆದರೆ ಪಿಸ್ಟನ್ನನ್ನು ಪ್ರತಿ ಸಲ ನಿಲ್ಲಿಸಿ ಹಿಂದಕ್ಕೆ ಎಳೆಯುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಹೊರೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, 1.4ಕ್ಕೆ 1.4 ಗುಣಿಸಿ, ಹೆಚ್ಚುಕಡಿಮೆ ಎರಡು ಪಟ್ಟು. ಐವತ್ತು ವರ್ಷ ಹಳೆಯ ರಾಡು, ಎಷ್ಟು ಕೈ ಬದಲಾಯಿಸಿದೆಯೋ ಗೊತ್ತಿಲ್ಲದ ಕ್ರ್ಯಾಂಕು. ಅದಕ್ಕೆ ಎರಡು ಪಟ್ಟು ಹೊರೆ!

ಇನ್ನೊಂದು ಮಾತು. ಪೋರ್ಟ್ ಬೇಗ ತೆರೆದರೆ ಉರಿದ ಅನಿಲ ಪಿಸ್ಟನ್ನನ್ನು ಪೂರ್ತಿ ತಳ್ಳುವ ಮೊದಲೇ ಹೊರಗೆ ಓಡುತ್ತದೆ. ಜೋರು ಸುತ್ತಿನಲ್ಲಿ ಅದರಿಂದ ಲಾಭ, ನಿಧಾನ ಸುತ್ತಿನಲ್ಲಿ ನಷ್ಟ. ಜಾವಾದ ಪ್ರಾಣವೇ ನಿಧಾನ ಸುತ್ತಿನ ಆ ಎಳೆತ. ಮೂರನೇ ಗೇರಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಡುಗ್ ಡುಗ್ ಅಂತ ಘಾಟಿ ಹತ್ತುವುದನ್ನು ಬಿಟ್ಟು, ಮೇಲೆಲ್ಲೋ ಕಿರುಚುವ ಹಾಗೆ ಮಾಡುವುದಾದರೆ ಜಾವಾ ಯಾಕೆ ಬೇಕಿತ್ತು?

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಅಪ್ಪ ಹಾಸನದಲ್ಲಿ ಮೇಷ್ಟ್ರಾಗಿದ್ದಾಗ ಕೊಂಡ 1969ರ ಜಾವಾ ನನ್ನದು. 2011ರಲ್ಲಿ ಅದರ ಪಿಕಪ್ ಸತ್ತಿತ್ತು. ಇಲ್ಲಿನ ಒಂದು ಗ್ಯಾರೇಜಿಗೆ ಕೊಟ್ಟೆ. "ಸಾಹೇಬರೇ, ಬ್ಲಾಕ್ ಉಜ್ಜಿ ಕೊಡ್ತೀನಿ, ರಾಕೆಟ್ ಆಗುತ್ತೆ" ಅಂದ ಆತ. ನನಗೂ ಆಸೆ, ಸುಳ್ಳು ಯಾಕೆ ಹೇಳಲಿ, ಹೂಂ ಅಂದೆ. ಮೂರು ವಾರ ರಾಕೆಟ್ಟೇ ಆಗಿತ್ತು. ನಾಲ್ಕನೇ ವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಾತ್ರಜ್ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಏದುಸಿರು ಬಿಟ್ಟಿತು. ತಿರುವಿದೆ, ಇನ್ನೂ ತಿರುವಿದೆ. ಕಟಕ್ ಅಂತೊಂದು ಸದ್ದು, ಹಿಂದಿನ ಚಕ್ರ ಲಾಕ್. ಹಿಂದೆ ಲಾರಿ ಬರುತ್ತಿತ್ತು. ಬೀಳಲಿಲ್ಲ, ಅಷ್ಟೇ. ಅವಳು ಆಮೇಲೆ ಆ ಗಾಡಿ ಹತ್ತಲಿಲ್ಲ.

ಬಿಚ್ಚಿ ನೋಡಿದರೆ, ಪೋರ್ಟನ್ನು ಎತ್ತರ ಮಾತ್ರವಲ್ಲ, ಅಗಲವನ್ನೂ ಉಜ್ಜಿಬಿಟ್ಟಿದ್ದ. ಕಿಂಡಿ ಅತಿ ಅಗಲವಾದರೆ ಪಿಸ್ಟನ್ ರಿಂಗ್ ಅದರೊಳಕ್ಕೆ ಉಬ್ಬುತ್ತದೆ. ಅಂಚನ್ನು ಇಳಿಜಾರಾಗಿ ನುಣುಪು ಮಾಡದಿದ್ದರೆ ಅಲ್ಲೇ ಸಿಕ್ಕಿ ಮುರಿಯುತ್ತದೆ. ಬೀಡು ಕಬ್ಬಿಣದ ಬ್ಲಾಕಿನ ಉದ್ದಕ್ಕೂ ಗೀರು.

ಹೊಟ್ಟೆ ಉರಿಯುವ ಸಂಗತಿ ಮುಂದಿದೆ. ಭೋಸರಿಯಲ್ಲಿ ಲೇತ್ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಎಂಜಿನ್ ಪೂರ್ತಿ ಬಿಚ್ಚಿ, "ನಿಮ್ಮ ಪಿಕಪ್ ಸತ್ತದ್ದು ಬ್ಲಾಕಿನಿಂದ ಅಲ್ಲವೇ ಅಲ್ಲ" ಅಂದರು. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪೆಟ್ರೋಲ್ ಮಿಶ್ರಣವನ್ನು ಮೊದಲು ಕೆಳಗೆ ಎಳೆದುಕೊಂಡು, ಒತ್ತಿ, ಮೇಲಕ್ಕೆ ಕಳಿಸುವುದು ಅದೇ. ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದ್ದವು. ಒಂದು ಕಡೆಯಿಂದ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತಿತ್ತು, ಇನ್ನೊಂದು ಕಡೆಯಿಂದ ಕ್ಲಚ್ ಬದಿಯ ಎಣ್ಣೆ ಹೀರಿ ಬಿಳಿ ಹೊಗೆ ಬಿಡುತ್ತಿತ್ತು. ಸೈಲೆನ್ಸರಿನ ಬ್ಯಾಫಲ್‌ಗಳಲ್ಲಿ ಕಾರ್ಬನ್ ಕಟ್ಟಿ ಬೆರಳೂ ತೂರುತ್ತಿರಲಿಲ್ಲ. ಪಾಯಿಂಟ್ ಗ್ಯಾಪ್ 0.4 ಮಿ.ಮೀ ಇರಬೇಕಾದಲ್ಲಿ ಅದರ ಅರ್ಧವೂ ಇರಲಿಲ್ಲ. ಎರಡು ಸೀಲು, ಒಂದಿಷ್ಟು ಕಾಸ್ಟಿಕ್ ಸೋಡಾ, ಒಂದು ಫೀಲರ್ ಗೇಜು. ಅಪ್ಪನ ಗಾಡಿ ಕೇಳಿದ್ದು ಇಷ್ಟೇ. ನಾನು ಕೊಟ್ಟದ್ದು ಅರ.

ಬ್ಯಾಂಕಿನಲ್ಲಿ ಇಂಥವರನ್ನು ದಿನಾ ನೋಡುತ್ತೇನೆ. ಇರುವ ಸಾಲದ ಕಂತು ಕಟ್ಟಿಲ್ಲ, ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿಲ್ಲ, ಆದರೆ ಲಿಮಿಟ್ ಜಾಸ್ತಿ ಮಾಡಿ ಎನ್ನುವವರು. ಮೊದಲು ಇರುವ ಹನ್ನೆರಡು ಬಿ.ಎಚ್.ಪಿ. ಎಲ್ಲಿ ಸೋರುತ್ತಿದೆ ನೋಡಿ. ಸುಸ್ತಾದ ಎಂಜಿನ್ ಓಡಿಸಿ ಅಭ್ಯಾಸವಾದವನಿಗೆ ಪೂರ್ತಿ ಹನ್ನೆರಡು ಬಂದರೇ ಹದಿನೆಂಟರ ಹಾಗೆ ಫೀಲ್ ಆಗುತ್ತದೆ!

ಹಾಗಂತ ನಾನು "ಒಂದು ನಟ್ಟೂ ಬದಲಾಯಿಸಬಾರದು" ಎನ್ನುವ ಮಡಿವಂತರ ಪಂಗಡದವನಲ್ಲ. ಅವರದು ಇನ್ನೊಂದು ಅತಿರೇಕ. ಆರು ವೋಲ್ಟಿನ ಮಿಣುಕು ದೀಪದಲ್ಲಿ ರಾತ್ರಿ ಹೆದ್ದಾರಿಗೆ ಇಳಿಯುವುದು ಭಕ್ತಿಯಲ್ಲ, ಮೂರ್ಖತನ. ಹನ್ನೆರಡು ವೋಲ್ಟ್ ಮಾಡಿಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಹೊಸ ಕಾಲದ ಸೀಲು, ಒಳ್ಳೇ ಬೇರಿಂಗು, ಒಳ್ಳೇ 2ಟಿ ಆಯಿಲ್ ಹಾಕಿ. ಕ್ರ್ಯಾಂಕನ್ನು ತಾಮ್ರದ ಸುತ್ತಿಗೆಯಲ್ಲಿ ಬಡಿದು ಕಣ್ಣಳತೆಯಲ್ಲಿ ನೇರ ಮಾಡುವವನಿಗೆ ಕೊಡದೆ, ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ನೂರನೇ ಭಾಗ ಓದುವವನಿಗೆ ಕೊಡಿ. ಬೇರೆ ಕಾರ್ಬುರೇಟರ್ ಬೇಕಾದರೂ ಹಾಕಿ, ಹಳೆಯದನ್ನು ಡಬ್ಬಿಯಲ್ಲಿ ಜೋಪಾನವಾಗಿಡಿ. ಸ್ಪ್ಯಾನರಿನಲ್ಲಿ ಬಿಚ್ಚಿ ಮೊದಲಿನಂತೆ ಮಾಡಬಹುದಾದ್ದು ಏನು ಬೇಕಾದರೂ ಮಾಡಿ. ಅರ ಹಿಡಿದು ಲೋಹ ಕಳೆಯುವುದು ಮಾತ್ರ ಬೇಡ.

"ರೇಸಿಗೆ ಆಗ ಮಾಡ್ತಿರಲಿಲ್ವಾ?" ಅಂತ ಕೇಳುತ್ತಾರೆ. ಮಾಡುತ್ತಿದ್ದರು, ಶೋಲಾವರಂನ ಹಳೇ ವಿಮಾನದ ಓಡುದಾರಿಯಲ್ಲಿ ಯೆಜ್ಡಿಗಳು ಚೆನ್ನಾಗೇ ಓಡಿವೆ. ಆದರೆ ಆಗ ಕಾರ್ಖಾನೆ ಬದುಕಿತ್ತು. ಇವತ್ತು ಒಂದು ಬ್ಲಾಕ್ ಕೆಟ್ಟರೆ ನಾಳೆ ಇನ್ನೊಂದು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವು, ಸಂತೋಷ. ಅವು ಫೋರ್-ಸ್ಟ್ರೋಕ್, ಅವುಗಳ ಒಂದು ವಾಷರೂ ನಮ್ಮದಕ್ಕೆ ಉಪಯೋಗವಿಲ್ಲ. ಪೋರ್ಟ್ ಉಜ್ಜಲೇಬೇಕೆಂಬ ಚಪಲವಿದ್ದರೆ ಹೊಸದಾಗಿ ಎರಕ ಹೊಯ್ದ ಬ್ಲಾಕುಗಳು ಸಿಗುತ್ತವಲ್ಲ, ಅದರ ಮೇಲೆ ತೀರಿಸಿಕೊಳ್ಳಿ. ಮೈಸೂರಿನದನ್ನು ಎಣ್ಣೆ ಹಚ್ಚಿ ಎತ್ತಿಡಿ.

ಇಷ್ಟರ ಮೇಲೆ ಪೆಟ್ರೋಲಿನ ಕಥೆ ಬೇರೆ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆತದ್ದೇ ಸಾಮಾನ್ಯವಾಯಿತು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಹಳೇ ರಬ್ಬರೂ ಅದಕ್ಕೆ ತಡೆಯುವುದಿಲ್ಲ. ಇಂಥ ದಿನದಲ್ಲಿ ಹೆಡ್ ಕೆರೆಸಿ ಒತ್ತಡ ಏರಿಸುವುದೆಂದರೆ ಸೀಜ್ ಆಗಲು ಮುಹೂರ್ತ ಇಟ್ಟ ಹಾಗೆ. ಮಾಡಬೇಕಾದ್ದು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ನೋಡುವುದು. ಅದರಲ್ಲಿ ಫೋಟೋ ಹಾಕಿಕೊಳ್ಳುವಂಥದ್ದು ಏನೂ ಇಲ್ಲ ನೋಡಿ, ಅದಕ್ಕೇ ಯಾರೂ ಮಾಡುವುದಿಲ್ಲ.

ಕಾನೂನೂ ಇದೆ. ಕೇಂದ್ರ ಸರ್ಕಾರದ 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನಬಳಕೆಗೆ ಓಡಿಸುವಂತಿಲ್ಲ ಎಂಬುದು ನನಗೆ ಹಿಡಿಸದ ಷರತ್ತು, ಇರಲಿ. ಆದರೆ ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಬದಲಾವಣೆ ಆಗಿರಬಾರದು ಎಂದೂ ಅಲ್ಲಿದೆ. ಇವತ್ತು ಅರ ಹಿಡಿದವನು ನಾಳೆ ಅದೇ ಅರ್ಜಿ ಹಿಡಿದು ನಿಂತಾಗ ಏನು ಬರೆಯುತ್ತಾನೆ?

ನನ್ನ ಬ್ಲಾಕು ಕೊನೆಯ ಓವರ್‌ಸೈಜಿಗೆ ಬೋರ್ ಆಗಿ ಈಗ ಓಡುತ್ತಿದೆ. ಇನ್ನೊಂದು ಸಲ ಕೊರೆಯಲು ಅದರಲ್ಲಿ ಕಬ್ಬಿಣ ಉಳಿದಿಲ್ಲ. ಅದಕ್ಕೇ ಮೈಸೂರಿನ ಸ್ಟ್ಯಾಂಡರ್ಡ್ ಬೋರಿನ ಒಂದು ಬ್ಲಾಕನ್ನು ಎಲ್ಲೆಲ್ಲೋ ಹುಡುಕಿ ತಂದು ಬೀರುವಿನಲ್ಲಿ, ಅಪ್ಪನ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ.

ಮೊನ್ನೆ ಆ ಹುಡುಗನ ಫೋನು. ಖಂಬಾಟ್ಕಿ ಘಾಟಿಯಲ್ಲಿ ಎಂಜಿನ್ ಸೀಜ್ ಆಯಿತಂತೆ, ಪುಣ್ಯಕ್ಕೆ ಏಟಾಗಿಲ್ಲ. "ಕಾಕಾ, ನಿಮ್ಮ ಹತ್ತಿರ ಬ್ಲಾಕ್ ಇದೆಯಂತಲ್ಲ?" ಇದೆ ಎಂದೆ. ಮೊದಲು ಕ್ರ್ಯಾಂಕ್ ಸೀಲ್ ಬದಲಾಯಿಸಿದ ರಶೀದಿ ತಗೊಂಡು ಬಾ, ಆಮೇಲೆ ಮಾತಾಡೋಣ ಎಂದಿದ್ದೇನೆ. ಇನ್ನೂ ಬಂದಿಲ್ಲ.