ತಾಯಿಯ ಅಳಲು ತಪ್ಪೊಪ್ಪಿಗೆಯಲ್ಲ

ಮಾಡದ ಕೊಲೆಗಳಿಗಾಗಿ 20 ವರ್ಷ ಜೈಲಿನಲ್ಲಿದ್ದ ಕ್ಯಾಥ್ಲೀನ್ ಫಾಲ್ಬಿಗ್ ಅವರಿಗೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಸರ್ಕಾರ 2025ರಲ್ಲಿ 20 ಲಕ್ಷ ಡಾಲರ್ ಪರಿಹಾರ ಪ್ರಕಟಿಸಿತು. ಕಳೆದುಹೋದ ಒಂದೊಂದು ವರ್ಷಕ್ಕೆ ಒಂದೊಂದು ಲಕ್ಷ. ಈ ಮೊತ್ತ ಅನ್ಯಾಯವೆಂದು ಅವರ ವಕೀಲರು ಸಿಟ್ಟಾಗಿದ್ದು ಸರಿಯೇ. ಆದರೆ ಹಣದ ಜಗಳದಲ್ಲಿ ಮೂಲ ಪ್ರಶ್ನೆ ಮರೆಯಾಗಬಾರದು: ಯಾವ ಸಾಕ್ಷ್ಯ ನಂಬಿ ಈ ತಾಯಿಯನ್ನು ಜೈಲಿಗೆ ಹಾಕಲಾಯಿತು?

1989ರಿಂದ 1999ರೊಳಗೆ ಅವರ ನಾಲ್ಕು ಎಳೆಯ ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಅವರೇ ಉಸಿರುಗಟ್ಟಿಸಿ ಕೊಂದರು ಎಂಬುದು ಪ್ರಾಸಿಕ್ಯೂಷನ್ ವಾದ. ಅದನ್ನು ಖಚಿತಪಡಿಸುವ ವೈದ್ಯಕೀಯ ಪುರಾವೆ ಇರಲಿಲ್ಲ. ಇದ್ದದ್ದು ಡೈರಿ. ಮಗುವಿನ ಮೇಲೆ ರೇಗಿದ್ದು, ಸುಸ್ತಾಗಿದ್ದು, ತಾನು ಸರಿಯಾದ ತಾಯಿಯಲ್ಲವೆಂದು ತನ್ನನ್ನೇ ಹಳಿದುಕೊಂಡದ್ದು ಅದರಲ್ಲಿತ್ತು. ಹಸುಗೂಸು ಸಾಕಿದ ಯಾವ ಹೆಂಗಸಿಗೆ ಇದು ಹೊಸತು? ಅದನ್ನೇ ತಪ್ಪೊಪ್ಪಿಗೆಯೆಂದು ನ್ಯಾಯಾಲಯದ ಮುಂದಿಡಲಾಯಿತು. 2003ರ ಮೇ ತಿಂಗಳಲ್ಲಿ ಜ್ಯೂರಿ ಅವರನ್ನು ಅಪರಾಧಿ ಎಂದಿತು.

ಆಗಿನ್ನೂ ವಿಜ್ಞಾನ ಬೆಳೆದಿರಲಿಲ್ಲ ಎಂಬ ಸಮಜಾಯಿಷಿ ಒಪ್ಪುವಂಥದ್ದಲ್ಲ. ಸಾವಿನ ಕಾರಣ ಗೊತ್ತಿಲ್ಲದಿದ್ದರೆ ಸಂಶಯದ ಲಾಭ ಆರೋಪಿಗೆ ಸಿಗಬೇಕು. ಕಾನೂನಿನ ಮೊದಲ ಪಾಠವೇ ಅದು. ಎರಡು ಗಂಡುಮಕ್ಕಳನ್ನು ಕಳೆದುಕೊಂಡು ಇದೇ ಬಗೆಯ ಆರೋಪ ಹೊತ್ತಿದ್ದ ಸ್ಯಾಲಿ ಕ್ಲಾರ್ಕ್ ಅವರ ಶಿಕ್ಷೆಯನ್ನು ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಅದೇ ವರ್ಷದ ಜನವರಿಯಲ್ಲಿ ರದ್ದುಮಾಡಿತ್ತು. ಆ ಎಚ್ಚರಿಕೆ ಸಿಡ್ನಿಯಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ವಿಜ್ಞಾನ ಬಂದ ಮೇಲಾದರೂ ನ್ಯಾಯ ಸಿಕ್ಕಿತೇ? ಹೃದಯದ ಬಡಿತ ಕೆಡಿಸಬಲ್ಲ ಸಿಎಎಲ್‌ಎಂ2 ಜೀನ್ ದೋಷ ತಾಯಿಯಲ್ಲೂ ಇಬ್ಬರು ಹೆಣ್ಣುಮಕ್ಕಳಲ್ಲೂ ಇರುವುದನ್ನು ಕರೋಲಾ ವಿನ್ಯೂಸಾ ಅವರ ತಂಡ ತೋರಿಸಿತು. ಆದರೂ 2019ರ ವಿಚಾರಣೆ ಡೈರಿಯನ್ನೇ ಹಿಡಿದು ಶಿಕ್ಷೆ ಸರಿಯೆಂದಿತು. ಕೊನೆಗೆ ಎರಡನೇ ವಿಚಾರಣೆಯಲ್ಲಿ ಮನೋವೈದ್ಯರು ಆ ಡೈರಿ ಓದಿ, ಇದು ಮಕ್ಕಳನ್ನು ಕಳೆದುಕೊಂಡವಳ ಸಂಕಟ ಎಂದರು. 2023ರ ಜೂನ್‌ನಲ್ಲಿ ಬಿಡುಗಡೆ, ಡಿಸೆಂಬರ್‌ನಲ್ಲಿ ಖುಲಾಸೆ.

ಅಳದಿದ್ದರೆ ಕಲ್ಲೆದೆಯವಳು, ನೊಂದು ಬರೆದರೆ ಕೊಲೆಗಾತಿ: ಇಂಥ ತಕ್ಕಡಿಯಲ್ಲಿ ಹೆಣ್ಣನ್ನು ತೂಗುವುದು ನಿಲ್ಲಬೇಕು. ಖಾಸಗಿ ಬರಹವನ್ನು ಮನೋತಜ್ಞರ ವಿಶ್ಲೇಷಣೆಯಿಲ್ಲದೆ ಜ್ಯೂರಿಯ ಮುಂದಿಡಬಾರದು. ಕ್ಲಾರ್ಕ್ ಅವರ ಪ್ರಕರಣವನ್ನು ಮತ್ತೆ ಮೇಲ್ಮನವಿಗೆ ಒಪ್ಪಿಸಿದ್ದು ಸರ್ಕಾರದ ಹಂಗಿಲ್ಲದ ಮರುಪರಿಶೀಲನಾ ಆಯೋಗ. ಫಾಲ್ಬಿಗ್ ಅವರಿಗೆ ಅಂಥ ಬಾಗಿಲೇ ಇರಲಿಲ್ಲ. ಅರ್ಜಿ ಹಿಡಿದು ಸರ್ಕಾರದ ಮುಂದೆಯೇ ವರ್ಷಗಟ್ಟಲೆ ಕಾಯಬೇಕಾಯಿತು. ಆಸ್ಟ್ರೇಲಿಯ ಕೊಡಬೇಕಾದ ನಿಜವಾದ ಪರಿಹಾರವೆಂದರೆ ನ್ಯಾಯೋಚಿತ ಮೊತ್ತದ ಜೊತೆಗೆ ಅಂಥದೊಂದು ಸ್ವತಂತ್ರ ಆಯೋಗ.