ನಿಂತದ್ದು ಸರ್ವರೋ, ಸರಕಾರವೋ?

ನಮ್ಮ ಊರಿನ ಒಂದು ಕಚೇರಿಯ ಬಾಗಿಲಿಗೆ ಕಳೆದ ತಿಂಗಳು ಎರಡು ದಿನ ಒಂದು ಚೀಟಿ ಅಂಟಿಕೊಂಡಿತ್ತು. "ಸರ್ವರ್ ಡೌನ್. ನಾಳೆ ಬನ್ನಿ." ಬರೆದವರ ಹೆಸರಿಲ್ಲ, ರುಜುವಿಲ್ಲ, ತಾರೀಖಿಲ್ಲ. ಆ ಚೀಟಿಯ ಮುಂದೆ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದ ಗಿರಣಿ ಕಾರ್ಮಿಕನಿದ್ದ; ಅಂಗಡಿಯ ಬಾಗಿಲು ಎಳೆದು ಬಂದ ದಿನಸಿ ವ್ಯಾಪಾರಿಯಿದ್ದ. ಕಾರ್ಮಿಕನಿಗೆ ಬೇಕಾಗಿದ್ದುದು ಮಗಳ ವಿದ್ಯಾರ್ಥಿನಿಲಯದ ಅರ್ಜಿಗೆ ಒಂದು ವರಮಾನ ಪತ್ರ. ಎರಡನೆಯ ದಿನ ಕೂಲಿ ಕಳೆದುಕೊಂಡು ಮತ್ತೆ ಬಂದ. ಮೂರನೆಯ ದಿನ ಪತ್ರ ಸಿಕ್ಕಿತು. ಆದರೆ ಅರ್ಜಿಯ ಗಡುವು ಹಿಂದಿನ ಸಂಜೆಯೇ ಮುಗಿದುಹೋಗಿತ್ತು.

ಇದು ಯಾರ ತಪ್ಪು? ಗುಮಾಸ್ತರು ಸಾಹೇಬರತ್ತ ಕೈ ತೋರಿದರು, ಸಾಹೇಬರು ಬೆಂಗಳೂರಿನತ್ತ ಕೈ ತೋರಿದರು. ಮಳೆ ಬಾರದಿದ್ದರೆ ಯಾರನ್ನು ಕೇಳೋಣ ಎಂಬಂತೆ ಜನ ತಲೆ ತಗ್ಗಿಸಿ ಮನೆಗೆ ಹೋದರು. ಮಿತ್ರರೇ, ಸರ್ವರ್ ಎಂಬುದು ಮಳೆಯಲ್ಲ, ಮಾರಿಯಲ್ಲ. ಅದೊಂದು ಯಂತ್ರ. ಯಂತ್ರ ನಿಂತರೆ ಅದಕ್ಕೊಂದು ಕಾರಣವಿರುತ್ತದೆ. ಆ ಕಾರಣವನ್ನು ಹುಡುಕಬಹುದು, ಕೇಳಬಹುದು.

ಕಚೇರಿಯ ಸರ್ವರ್ ಮಾಡುವ ಕೆಲಸವಾದರೂ ಏನು? ಒಳಕೋಣೆಯಲ್ಲಿ ಹಗಲಿರುಳು ಓಡುತ್ತಾ ಮೇಜುಗಳ ಮೇಲಿನ ಕಂಪ್ಯೂಟರುಗಳಿಗೆ ಅದು ನಾಲ್ಕಾರು ಸೇವೆ ಮಾಡುತ್ತದೆ. ಪ್ರತಿಯೊಂದು ಕಂಪ್ಯೂಟರಿಗೂ ಒಂದು ನಂಬರು ಹಂಚುವ ಸೇವೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಗೇಟಿನಲ್ಲಿ ಟೋಕನ್ ಹಂಚಿದ ಹಾಗೆ. ಹೆಸರು ಹೇಳಿದರೆ ನಂಬರು ಹುಡುಕಿಕೊಡುವ ಸೇವೆ ಡಿಎನ್‌ಎಸ್. ವ್ಯಾಪಾರಿಯ ವಿಳಾಸದ ಪುಸ್ತಕವಿದ್ದ ಹಾಗೆ. ೧೯೮೩ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಈ ಪದ್ಧತಿಯನ್ನೇ ಇಂದಿಗೂ ಜಗತ್ತು ಬಳಸುತ್ತಿದೆ. ನೌಕರನ ಗುರುತು ನೋಡಿ ಒಳಗೆ ಬಿಡುವುದು ಇನ್ನೊಂದು ಸೇವೆ. ಎಲ್ಲ ಯಂತ್ರಗಳ ಗಡಿಯಾರವನ್ನು ಒಂದೇ ಸಮ ಇಡುವುದು ಎನ್‌ಟಿಪಿ. ಇಷ್ಟೂ ಕೆಲಸದಲ್ಲಿ ಏನು ನಡೆಯಿತು, ಎಷ್ಟು ಗಂಟೆಗೆ ನಡೆಯಿತು ಎಂಬುದನ್ನು ಸರ್ವರ್ ತಾನೇ ಬರೆದಿಡುತ್ತದೆ. ಆ ದಿನಚರಿಗೆ ಲಾಗ್ ಎಂದು ಹೆಸರು.

ಮಗ್ಗ ನಿಂತರೆ ನೀವು ಏನು ಮಾಡುತ್ತೀರಿ? "ಗಿರಣಿ ಡೌನ್" ಎಂದು ಚೀಟಿ ಅಂಟಿಸಿ ಮನೆಗೆ ಹೋಗುತ್ತೀರಾ? ನೂಲು ಹರಿಯಿತೇ ನೋಡುತ್ತೀರಿ, ಪಟ್ಟಿ ಜಾರಿತೇ ನೋಡುತ್ತೀರಿ, ಮೋಟಾರಿಗೆ ವಿದ್ಯುತ್ ಬರುತ್ತಿದೆಯೇ ನೋಡುತ್ತೀರಿ. ಸರ್ವರಿಗೂ ಇದೇ ಕ್ರಮ. ತಂತಿ ಸರಿಯಾಗಿದೆಯೇ, ದೀಪ ಹತ್ತಿದೆಯೇ? ಕಂಪ್ಯೂಟರಿಗೆ ನಂಬರು ಸಿಕ್ಕಿದೆಯೇ? ನಂಬರಿನಿಂದ ಕರೆದರೆ ಸರ್ವರ್ ಓಗೊಡುತ್ತದೆಯೇ? ನಂಬರಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಡಿಎನ್‌ಎಸ್‌ನಲ್ಲಿದೆ. ಹೆಸರಿಗೂ ಓಗೊಟ್ಟರೆ, ಬೇಕಾದ ಸೇವೆ ಓಡುತ್ತಿದೆಯೇ? ಡಿಸ್ಕ್ ತುಂಬಿಹೋಗಿದೆಯೇ? ಗಡಿಯಾರ ಸರಿಯಿದೆಯೇ? ಕೊನೆಗೆ ದಿನಚರಿ ಏನು ಹೇಳುತ್ತದೆ? ಇದರಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಕಲಿತ ಕೈ, ಕ್ರಮ ತಪ್ಪದ ಬುದ್ಧಿ, ಇಷ್ಟಿದ್ದರೆ ಸಾಕು.

ನಮ್ಮ ಊರಿನ ಕಚೇರಿಯಲ್ಲಿ ಕೆಟ್ಟದ್ದು ಏನು ಗೊತ್ತೇ? ಎರಡನೆಯ ದಿನ ಸಂಜೆ ಬಂದು ಸರಿಪಡಿಸಿದ ಹುಡುಗ ನಾವು ಮೇಷ್ಟರಾಗಿದ್ದಾಗ ನಮ್ಮ ತರಗತಿಯಲ್ಲಿ ಓದಿದವನು. ಅವನು ವಿವರಿಸಿದ ಮೇಲೆ ನಮಗೂ ತಿಳಿಯಿತು. ಬೆಂಗಳೂರಿನ ಯಂತ್ರಗಳು ಆ ಎರಡು ದಿನವೂ ಸರಿಯಾಗಿಯೇ ಓಡುತ್ತಿದ್ದವು. ಕೆಟ್ಟದ್ದು ಒಳಕೋಣೆಯ ಸರ್ವರಿನೊಳಗಿನ, ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ! ವಿದ್ಯುತ್ ಹೋದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸತ್ತಿತ್ತು. ಹಿಂದಿನ ರಾತ್ರಿ ವಿದ್ಯುತ್ ಹೋಗಿ ಬಂದಾಗ ಸರ್ವರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರಿತು. ನೌಕರರ ಗುರುತು ನೋಡುವ ಕರ್ಬೆರೋಸ್ ಎಂಬ ಪದ್ಧತಿಯಲ್ಲಿ ಎರಡು ಗಡಿಯಾರಗಳ ನಡುವೆ ಸಾಮಾನ್ಯವಾಗಿ ೫ ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಒಳಗೆ ಬಿಡುವುದಿಲ್ಲ. ಹೀಗಾಗಿ ಗುಮಾಸ್ತರೆಲ್ಲ ಹೊರಗೇ ಉಳಿದರು. ಹುಡುಗ ಬ್ಯಾಟರಿ ಬದಲಿಸಿದ, ಸಮಯ ಸರಿಪಡಿಸಿದ, ಎನ್‌ಟಿಪಿ ಸೇವೆಯನ್ನು ಹೊಂದಿಸಿದ. ಅರ್ಧ ಗಂಟೆಯ ಕೆಲಸ. ಒಂದು ಊಟದಷ್ಟೂ ಬೆಲೆಯಿಲ್ಲದ ಬಿಲ್ಲೆಯ ದೆಸೆಯಿಂದ ಒಬ್ಬ ಹೆಣ್ಣುಮಗಳ ವಿದ್ಯಾರ್ಥಿನಿಲಯದ ಜಾಗ ಹೋಯಿತು!

ಎನ್‌ಟಿಪಿಯನ್ನು ಮೊದಲೇ ಹೊಂದಿಸಬೇಕೆಂದು ಸರಕಾರವೇ ಹೇಳಿದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ ೨೦೨೨ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸರಕಾರಿ ಸಂಸ್ಥೆಗಳೂ ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಬೇಕು. ದಿನಚರಿಯನ್ನು ೧೮೦ ದಿನ ಕಾಪಾಡಬೇಕು. ಅಂದ ಮೇಲೆ "ಏಕೆ ನಿಂತಿತೋ ಗೊತ್ತಿಲ್ಲ" ಎನ್ನುವ ಅಧಿಕಾರ ಯಾವ ಸಾಹೇಬರಿಗೂ ಇಲ್ಲ. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಲೋಕದಾದ್ಯಂತ ಸುಮಾರು ಆರು ಗಂಟೆ ಸ್ತಬ್ಧವಾಯಿತು. ದುರಸ್ತಿಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಅದರ ಜಾಲವೇ ಕಡಿದುಹೋಗಿ, ಡಿಎನ್‌ಎಸ್ ಸರ್ವರುಗಳು ಲೋಕದ ಕಣ್ಣಿಗೆ ಬೀಳದಾದವು. ಮರುದಿನವೇ ಆ ಸಂಸ್ಥೆ ಕಾರಣವನ್ನು ಬಹಿರಂಗವಾಗಿ ಬರೆಯಿತು. ಲಾಭಕ್ಕೆಂದೇ ಹುಟ್ಟಿದ ಬಂಡವಾಳಶಾಹಿ ಸಂಸ್ಥೆ ಲೆಕ್ಕ ಒಪ್ಪಿಸುತ್ತದೆ. ಪ್ರಜೆಗಳ ಹೆಸರಿನಲ್ಲಿ ನಡೆಯುವ ಕಚೇರಿ ಚೀಟಿ ಅಂಟಿಸುತ್ತದೆ!

ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಇದನ್ನು ಯಾರೂ ಕಲಿಸಿಲ್ಲ. ಆ ಹುಡುಗನನ್ನೂ ಬೈಯಬೇಡಿ. ಅವನು ಗುತ್ತಿಗೆಯ ಆಳು. ಮೂರು ತಾಲ್ಲೂಕಿನ ಕಚೇರಿಗಳೆಲ್ಲ ಅವನೊಬ್ಬನ ತಲೆಯ ಮೇಲೆ. ಎರಡು ತಿಂಗಳ ಸಂಬಳ ಬಾಕಿ. ಬಸ್ಸಿನ ಖರ್ಚೂ ಅವನದೇ. ಯಂತ್ರ ಕೊಳ್ಳಲು ಹಣವಿದೆ, ಉದ್ಘಾಟನೆಗೆ ಹಣವಿದೆ. ಯಂತ್ರ ನೋಡಿಕೊಳ್ಳುವ ಮನುಷ್ಯನಿಗೆ ಮಾತ್ರ ಹಣವಿಲ್ಲ. ನಿಂತದ್ದು ಸರ್ವರಲ್ಲ, ಸರಕಾರದ ವಿವೇಕ.

ಆದುದರಿಂದ ನಮ್ಮ ಬೇಡಿಕೆ ನಾಲ್ಕು. ಮೊದಲನೆಯದು: ಸರ್ವರ್ ನಿಂತರೆ ನಿಂತ ಗಂಟೆ, ಕಾರಣ, ಹೊಣೆಗಾರರ ಹೆಸರು, ಸರಿಯಾಗುವ ವೇಳೆ ಇವಿಷ್ಟನ್ನು ರುಜು ಸಮೇತ ಫಲಕದ ಮೇಲೆ ಬರೆಯಬೇಕು. ಎರಡನೆಯದು: ಆ ವೇಳೆ ಕಾಗದದ ಮೇಲೆ ಅರ್ಜಿ ಪಡೆದು ರಸೀದಿ ಕೊಡಬೇಕು. ಮೂರನೆಯದು: ಯಂತ್ರ ನಿಂತ ದಿನಗಳನ್ನು ಜನರ ಗಡುವಿನಿಂದ ಕಳೆಯಬೇಕು. ಇದು ಹೊಸ ಮಾತೇನಲ್ಲ. ೨೦೨೫ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ಕೆಟ್ಟಾಗ ಜಿಎಸ್‌ಟಿಆರ್-೧ ಸಲ್ಲಿಸುವ ಕೊನೆಯ ದಿನವನ್ನು ೧೧ರಿಂದ ೧೩ಕ್ಕೆ ಸರಕಾರವೇ ಮುಂದೂಡಿತು. ವ್ಯಾಪಾರಿಗೆ ಸಂದ ನ್ಯಾಯ ಕಾರ್ಮಿಕನ ಮಗಳಿಗೆ ಏಕೆ ಸಲ್ಲಬಾರದು? ನಾಲ್ಕನೆಯದು: ಪ್ರತಿ ತಾಲ್ಲೂಕಿಗೂ ತರಬೇತಿ ಪಡೆದ ಒಬ್ಬ ಕಾಯಂ ನೌಕರ ಬೇಕು. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಕಲಿತ ಹುಡುಗರು, ಹುಡುಗಿಯರು ಕೆಲಸವಿಲ್ಲದೆ ಕುಳಿತಿದ್ದಾರೆ.

ಅಲ್ಲಿಯವರೆಗೆ ನೀವು ಸುಮ್ಮನೆ ಮರಳಬೇಡಿ. ಬಂದ ದಿನ, ಗಂಟೆ ಬರೆದು ಅರ್ಜಿ ಕೊಡಿ, ಹಿಂಬರಹ ಕೇಳಿ. ಸಕಾಲ ಕಾಯಿದೆ ೨೦೧೧ರಲ್ಲೇ ಬಂದಿದೆ. ಅದರಲ್ಲಿ ಸೇರಿದ ಸೇವೆ ತಡವಾದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯಡಿ ಎಷ್ಟು ದಿನ ಸರ್ವರ್ ನಿಂತಿತ್ತೆಂದು ಕೇಳಬಹುದು. ಬರೆಯಲು ಬಾರದವರು ಸಂಜೆ ಪಕ್ಷದ ಕಚೇರಿಗೆ ಬನ್ನಿ, ನಾವು ಬರೆದುಕೊಡುತ್ತೇವೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಹಳೆಯ ಗಾದೆ. ಈಗ ಪೂಜಾರಿ ಯಂತ್ರದ ಹಿಂದೆ ಅಡಗಿ ಕುಳಿತಿದ್ದಾನೆ. ಅವನನ್ನು ಕೈಹಿಡಿದು ಹೊರಗೆ ಕರೆತರುವುದು ನಿಮ್ಮ ನಮ್ಮೆಲ್ಲರ ಕೆಲಸ.