ನಾಳೆನೇ ಮೈಸೂರಿಗೆ ಹೊರಡೋಣ ಅನ್ನೋರಿಗೆ

ಆಯುಧಪೂಜೆಗೆ ಇನ್ನು ಎರಡು ದಿನ ಇದೆ ಅನ್ನುವಾಗ ನಮ್ಮ ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಒಂದು ಮಾತು ಏಳುತ್ತದೆ. 'ಈ ಸಲ ಮೈಸೂರಿಗೆ ಹೋಗಿ ಬಂದ್ರೆ ಹೆಂಗೆ?' ಮಕ್ಕಳಿಗೆ ರಜೆ. ಬೆಂಗಳೂರಲ್ಲಿ ಕೆಲಸ ಮಾಡುವ ಮಗನೋ ತಮ್ಮನೋ ಊರಿಗೆ ಬಂದಿರುತ್ತಾನೆ. ಅಜ್ಜಿಗೆ ಒಂದು ಸಲ ಅಂಬಾರಿ ನೋಡಬೇಕು ಅಂತ ಆಸೆ. ಟಿ.ವಿ.ಯಲ್ಲಿ ಆನೆ ತೋರಿಸುತ್ತಾ ಇರುತ್ತಾರೆ. ಅಷ್ಟರಲ್ಲಿ ಯಾರೋ ಫೋನ್ ತೆಗೆದು ರೂಮು ಹುಡುಕುತ್ತಾರೆ, ರೇಟು ನೋಡಿ ಸುಮ್ಮನಾಗುತ್ತಾರೆ. ಪೇಟೆಯಲ್ಲಿರುವ ನೆಂಟರಿಗೆ ಫೋನ್ ಮಾಡಿದರೆ ಮೊದಲು ಬರುವ ಮಾತೇ ಇದು: 'ಅಲ್ಲಾ, ಮೊದಲೇ ಪ್ಲಾನ್ ಮಾಡಬಾರದಾ ನೀವು?'

ಈ ಮಾತಿನ ಬಗ್ಗೆಯೇ ನನಗೆ ತಕರಾರು ಇರುವುದು.

ಮೊದಲೇ ಹೇಗೆ ಪ್ಲಾನ್ ಮಾಡುವುದು ಹೇಳಿ. ರೈಲಿನಲ್ಲಿ ಸೀಟು ಕಾಯ್ದಿರಿಸಲು 60 ದಿನ ಮೊದಲೇ ಶುರುವಾಗುತ್ತದೆ. ದಸರಾಕ್ಕೆ 60 ದಿನ ಹಿಂದೆ ಅಂದರೆ ನಮ್ಮಲ್ಲಿ ರಾಗಿ ಹೊಲ ಇನ್ನೂ ಬಿತ್ತನೆಯಲ್ಲೋ ಕುಂಟೆ ಹೊಡೆಯುವುದರಲ್ಲೋ ಇರುತ್ತದೆ. ಮಳೆ ಹಿಡಿಯುತ್ತದೋ ಬಿಡುತ್ತದೋ ಗೊತ್ತಿಲ್ಲ. ಕೊಬ್ಬರಿ ರೇಟು ಗೊತ್ತಿಲ್ಲ. ಡೇರಿ ಬಟವಾಡೆ ಬಂದ ಮೇಲೆ ಅಂಗಡಿ ಬಾಕಿ ತೀರಿಸಿ ಎಷ್ಟು ಉಳಿಯುತ್ತದೆ ಅನ್ನುವುದೂ ಗೊತ್ತಿಲ್ಲ. ಹಸು ಯಾವ ವಾರ ಈಯುತ್ತದೆ ಅಂತ ಅಂದಾಜು ಮಾತ್ರ. ಇಷ್ಟೆಲ್ಲ ಇತ್ಯರ್ಥ ಆಗಿ ಕೈಯಲ್ಲಿ ಒಂದಿಷ್ಟು ದುಡ್ಡು ನಿಂತು 'ಸರಿ, ಹೋಗೋಣ' ಅನ್ನುವ ಹೊತ್ತಿಗೆ ಹಬ್ಬ ಬಾಗಿಲಲ್ಲಿ ಬಂದು ನಿಂತಿರುತ್ತದೆ. ಹಾಗಾಗಿ ಹೊತ್ತು ಮೀರಿ ಹೊರಡುವುದನ್ನು ಸೋಮಾರಿತನ ಅನ್ನುವುದು ತಿಂಗಳ ಸಂಬಳದವರ ಲೆಕ್ಕ. ನಮ್ಮ ಲೆಕ್ಕದಲ್ಲಿ ಅದು ಇರುವ ಒಂದೇ ದಾರಿ.

ಆದರೆ ನಮ್ಮವರದ್ದೂ ಒಂದು ಹಠ ಇದೆ. ಹೋದರೆ ವಿಜಯದಶಮಿ ದಿನವೇ ಹೋಗಬೇಕು, ಜಂಬೂ ಸವಾರಿಯನ್ನೇ ನೋಡಬೇಕು ಅನ್ನುವುದು. ನಾನು ಹೇಳುವುದು ಇಷ್ಟೇ: ಹೊತ್ತು ಮೀರಿ ಹೊರಡಿ, ಅಡ್ಡಿಯಿಲ್ಲ. ಆ ಒಂದು ದಿನ ಮಾತ್ರ ಬೇಡ. ಚಿಕ್ಕ ಮಕ್ಕಳನ್ನೂ ಮಂಡಿನೋವಿನ ಅಜ್ಜಿಯನ್ನೂ ಕರೆದುಕೊಂಡು ಖಂಡಿತ ಬೇಡ.

ಆ ದಿನ ಏನಾಗುತ್ತದೆ ಅಂತ ನೋಡಿ. ಹಿಂದಿನ ದಿನ ಆಯುಧಪೂಜೆ. ಟ್ರ್ಯಾಕ್ಟರು, ಬೈಕು, ಪಂಪ್‌ಸೆಟ್ಟು, ಕುಡುಗೋಲು, ಮಚ್ಚು ಎಲ್ಲ ತೊಳೆದು ಪೂಜೆ ಮಾಡಿ, ಕುಂಬಳಕಾಯಿ ಒಡೆದು ಮಲಗುವಾಗ ರಾತ್ರಿ ಹನ್ನೊಂದು. ಹೆಂಗಸರು ಬೆಳಗಿನ ಜಾವ ಮೂರಕ್ಕೆ ಎದ್ದು ಪುಳಿಯೋಗರೆ, ಚಪಾತಿ ಕಟ್ಟಿ, ಹಾಲು ಕರೆದು ಡೇರಿಗೆ ಹಾಕಿ ಹೊರಡಬೇಕು. ಮೈಸೂರು ಮುಟ್ಟುವುದು ಹತ್ತೋ ಹನ್ನೊಂದೋ. ಆ ಹೊತ್ತಿಗೆ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಎರಡು ಕಡೆಯೂ ಜನ ಕೂತಾಗಿರುತ್ತದೆ. ಈಚಿನ ವರ್ಷಗಳಲ್ಲಿ ನಂದಿಧ್ವಜದ ಪೂಜೆ ಆಗುವುದು ಮಧ್ಯಾಹ್ನ, ಅಂಬಾರಿಗೆ ಪುಷ್ಪಾರ್ಚನೆ ಆಗಿ ಆನೆ ಅರಮನೆಯಿಂದ ಹೊರಡುವುದು ಸಂಜೆ ನಾಲ್ಕರ ಮೇಲೆ. ಅಂದರೆ ಆರು ಗಂಟೆ ಕಾಲ ಬಿಸಿಲಲ್ಲೋ ಮಳೆಯಲ್ಲೋ ರಸ್ತೆ ಬದಿ ಕೂರಬೇಕು. ಎದ್ದರೆ ಜಾಗ ಹೋಯಿತು. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂತಿರುತ್ತಾರೆ. ಕುಡಿದರೆ ಎಲ್ಲಿಗೆ ಹೋಗುವುದು ಅನ್ನುವ ಭಯ. ಇದನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ, ಮನೆಗೆ ಬಂದ ಮೇಲೆ ಅವರೂ ಹೇಳುವುದಿಲ್ಲ.

ಮೆರವಣಿಗೆ ಮುಗಿದ ಮೇಲೆ ಇನ್ನೊಂದು ಪಾಡು. ಸ್ತಬ್ಧಚಿತ್ರ, ಕಲಾತಂಡ, ಆನೆ ಎಲ್ಲ ದಾಟಿ ಹೋದ ಕೂಡಲೇ ಅಷ್ಟೂ ಜನ ಒಟ್ಟಿಗೆ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ ಕಡೆ ತಿರುಗುತ್ತಾರೆ. ಸಂಚಾರ ಬದಲಾವಣೆ ಇರುವುದರಿಂದ ಬೆಳಿಗ್ಗೆ ಇಳಿದ ಕಡೆಯೇ ರಾತ್ರಿ ಬಸ್ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಹಾಸನದವರೆಗೆ ಹೇಗೋ ಬಂದರೂ ಅಲ್ಲಿಂದ ಹಳ್ಳಿಗೆ ಆ ಹೊತ್ತಿನಲ್ಲಿ ಬಸ್ ಎಲ್ಲಿದೆ?

ಇದೆಲ್ಲ ಗೊತ್ತಿರುವವರು ಕಂಡುಕೊಂಡ ಉಪಾಯವೇ ಗಾಡಿ. ಅದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಯಾಕೆಂದರೆ ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ಪತ್ರಿಕೆಗೆ ಸುದ್ದಿ ಕಳಿಸುವವನಿಗೆ ಹಬ್ಬದ ಮಾರನೇ ದಿನ ರಜೆ ಇರುವುದಿಲ್ಲ. 'ಗೂಡ್ಸ್ ವಾಹನ ಪಲ್ಟಿ' ಅನ್ನುವ ತಲೆಬರಹ ಹೊಸದಾಗಿ ಯೋಚಿಸಿ ಬರೆಯಬೇಕಾಗಿಯೇ ಇಲ್ಲ, ಕೈಗೆ ಅಷ್ಟು ರೂಢಿಯಾಗಿದೆ. ಊರಲ್ಲಿ ಒಬ್ಬರ ಪಿಕಪ್ ಇರುತ್ತದೆ. ಡೀಸೆಲ್ ಹಾಕಿಸಿದರೆ ಸಾಕು ಅನ್ನುತ್ತಾರೆ. ಹಿಂದೆ ಟಾರ್ಪಾಲು ಕಟ್ಟಿ, ಜಮಖಾನ ಹಾಸಿ ಹದಿನೈದು ಇಪ್ಪತ್ತು ಜನ ಹತ್ತುತ್ತಾರೆ. ಆ ಡ್ರೈವರಣ್ಣ ಹಿಂದಿನ ರಾತ್ರಿ ತನ್ನ ಗಾಡಿ ಪೂಜೆ ಮುಗಿಸಿ ಮಲಗಿದ್ದೇ ತಡ, ಬೆಳಗಿನ ಜಾವ ಎದ್ದು ಗಾಡಿ ಓಡಿಸಿದ್ದಾನೆ, ಮಧ್ಯಾಹ್ನ ಎಲ್ಲರ ಜೊತೆ ಬಿಸಿಲಲ್ಲಿ ನಿಂತಿದ್ದಾನೆ, ಈಗ ರಾತ್ರಿ ಒಂದು ಗಂಟೆಗೆ ಮತ್ತೆ ಸ್ಟೀರಿಂಗ್ ಹಿಡಿದಿದ್ದಾನೆ. ಹಿಂದೆ ಕೂತವರೆಲ್ಲ ನಿದ್ದೆ. ಅವನ ಕಣ್ಣು ಎಷ್ಟು ಹೊತ್ತು ತಡೆದೀತು?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸರಕು ಸಾಗಿಸುವ ಗಾಡಿಯಲ್ಲಿ ಪ್ರಯಾಣಿಕರಾಗಿ ಹೋಗಿ ಅನಾಹುತ ಆದರೆ ವಿಮೆ ಕಂಪನಿ ಪರಿಹಾರ ಕೊಡುವ ಹೊಣೆ ಸಾಮಾನ್ಯವಾಗಿ ಬರುವುದಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲೇ ಇದನ್ನು ಹೇಳಿದೆ. ಆಮೇಲೆ ಪರಿಹಾರ ಕೇಳಬೇಕಾಗಿರುವುದು ಗಾಡಿ ಮಾಲೀಕನ ಹತ್ತಿರ. ಅವನು ನಿಮ್ಮದೇ ಬೀದಿಯವನು, ನಿಮಗೆ ಉಪಕಾರ ಮಾಡಲು ಬಂದವನು. ಎರಡು ಮನೆ ಒಟ್ಟಿಗೆ ಮುಳುಗುತ್ತವೆ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಮಾಡಿಕೊಂಡು ಹೋದಾಗಲೂ ಕಂಪನಿಯವರು ತಕರಾರು ತೆಗೆಯುವುದುಂಟು. ಹಳದಿ ಬೋರ್ಡಿನ ಗಾಡಿಯನ್ನೇ ಮಾಡಿ, ರಾತ್ರಿ ಡ್ರೈವರಿಗೆ ಮಲಗಲು ಬಿಡಿ, ಬೆಳಗಾದ ಮೇಲೆ ಬನ್ನಿ. ಅಷ್ಟು ಖರ್ಚು ಆಗುವುದಿಲ್ಲ ಅಂದರೆ ಬಸ್ಸೇ ಸರಿ.

ಬಸ್ ಅಂದಾಗ ಶಕ್ತಿ ಯೋಜನೆ ಮಾತು ಬಂದೇ ಬರುತ್ತದೆ. 2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ದುಡ್ಡಿಲ್ಲ. ಇದನ್ನು ಹಳ್ಳಿಯ ಗಂಡಸರು ಅರಳಿಕಟ್ಟೆ ಮೇಲೆ ಕೂತು ಎಷ್ಟೇ ಆಡಿಕೊಳ್ಳಲಿ, ಅತ್ತೆ ಸೊಸೆ ಇಬ್ಬರೂ ಧರ್ಮಸ್ಥಳ ನೋಡಿ ಬಂದದ್ದು ಇದರಿಂದಲೇ. ಆದರೆ ಹಬ್ಬದ ದಿನ ನೆನಪಿಡಬೇಕಾದ್ದು, ರಾಜಹಂಸ, ಸ್ಲೀಪರ್, ಎ.ಸಿ. ಬಸ್‌ಗೆ ಇದು ನಡೆಯುವುದಿಲ್ಲ. ಬಾಗಿಲಲ್ಲೇ ಕಂಡಕ್ಟರನ್ನು ಕೇಳಿ ಹತ್ತಿ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಗಂಡಸರ ಟಿಕೆಟ್ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದೆ, ಆ ಲೆಕ್ಕ ಹಾಕಿಕೊಳ್ಳಿ. ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುವ ಪ್ಯಾಸೆಂಜರ್ ರೈಲಿಗೆ ಕಾಯ್ದಿರಿಸುವ ಗೋಜೇ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಜ್ಜಿಗೆ ಕಾಲು ಚಾಚಲು, ಶೌಚಕ್ಕೆ ಹೋಗಲು ಬಸ್ಸಿಗಿಂತ ಅದೇ ವಾಸಿ.

ಹಾಗಾದರೆ ಯಾವಾಗ ಹೋಗುವುದು? ದಸರಾ ಅಂದರೆ ಅದೊಂದೇ ಮಧ್ಯಾಹ್ನ ಅಲ್ಲ ಅನ್ನುವುದು ನಮ್ಮವರ ತಲೆಗೆ ಯಾಕೋ ಹೋಗಿಲ್ಲ. ಅಂಬಾರಿ ಹೊರುವ ಆನೆಗಳು ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಮೈಸೂರಿಗೆ ಬಂದಿರುತ್ತವೆ. ಅವುಗಳಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ, ಅದೇ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ, ಬೆಳಿಗ್ಗೆ ಸಂಜೆ ತಾಲೀಮು ನಡೆಯುತ್ತದೆ. ಮೊದಲು ಬರೀ ನಡಿಗೆ, ಆಮೇಲೆ ಮರಳುಮೂಟೆ ಹೊರಿಸುವುದು, ಕೊನೆಕೊನೆಗೆ ಮರದ ಅಂಬಾರಿ. 750 ಕೆ.ಜಿ. ಚಿನ್ನದ ಅಂಬಾರಿ ಹೊರುವ ಆನೆಯನ್ನು ಅಷ್ಟು ಹತ್ತಿರದಿಂದ, ರಸ್ತೆ ಬದಿ ನಿಂತು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಪಾಸೂ ಬೇಡ, ಗೋಲ್ಡ್ ಕಾರ್ಡೂ ಬೇಡ. ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಮ್ಮ ಮಗು ನೋಡುವುದು ಮುಂದಿನವರ ಬೆನ್ನು ಮತ್ತು ಎತ್ತಿ ಹಿಡಿದ ಮೊಬೈಲ್‌ಗಳನ್ನು.

ಮೆರವಣಿಗೆ ಮುಗಿದ ಮೇಲೂ ಆನೆಗಳು ಕೂಡಲೇ ಕಾಡಿಗೆ ಹೋಗುವುದಿಲ್ಲ, ಎರಡು ಮೂರು ದಿನ ಅರಮನೆ ಆವರಣದಲ್ಲೇ ದಣಿವಾರಿಸಿಕೊಳ್ಳುತ್ತವೆ. ಊರಿನ ದೀಪಾಲಂಕಾರ ವಿಜಯದಶಮಿ ಆದ ಮೇಲೂ ಕೆಲವು ದಿನ ಇರುವುದು ಈಚಿನ ವರ್ಷಗಳ ರೂಢಿ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಸುಮಾರು ಮೂರು ತಿಂಗಳು ನಡೆಯುತ್ತದೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳಂತೂ ದಸರಾ ಇರಲಿ ಬಿಡಲಿ, ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳರ ಸುಮಾರಿಗೆ ಹತ್ತಿಕೊಳ್ಳುತ್ತವೆ. ಮೃಗಾಲಯಕ್ಕೆ ಮಂಗಳವಾರ ರಜೆ, ಅದೊಂದು ನೋಡಿಕೊಳ್ಳಿ. ಹಬ್ಬದ ಮುಂದಿನ ವಾರ ಹೋದರೆ ರೂಮಿನ ರೇಟೂ ಇಳಿದಿರುತ್ತದೆ, ಮಕ್ಕಳ ರಜೆಯೂ ಸಾಮಾನ್ಯವಾಗಿ ಇನ್ನೂ ಮುಗಿದಿರುವುದಿಲ್ಲ. ಏಳು ಗಂಟೆಯ ದೀಪ ನೋಡಬೇಕು ಅಂದರೆ ಮಾತ್ರ ಒಂದು ರಾತ್ರಿ ಅಲ್ಲಿ ಉಳಿಯುವ ಯೋಚನೆ ಮಾಡಿಕೊಂಡೇ ಹೊರಡಿ. ದೀಪ ನೋಡಿ ಅದೇ ರಾತ್ರಿ ಹಳ್ಳಿ ಸೇರುತ್ತೇವೆ ಅನ್ನುವ ಲೆಕ್ಕ ಕೂಡುವುದಿಲ್ಲ.

'ಜಂಬೂ ಸವಾರಿ ನೋಡದೆ ಎಂಥಾ ದಸರಾ?' ಅಂತ ನಮ್ಮ ಪಕ್ಕದ ಮನೆ ಅಣ್ಣ ಕೇಳಿದ. ನಾನು ಏನೂ ಹೇಳುವ ಮೊದಲೇ ಅವನ ಹೆಂಡತಿ ಒಳಗಿಂದ, 'ನೀವು ಹೋಗ್ಬನ್ನಿ. ನಂಗೆ ಯಾವ ದಿನ ಆದ್ರೇನು, ಎರಡು ಹೊತ್ತೂ ಹಾಲು ಕರೆಯೋದು ಯಾರು?' ಅಂದಳು. ಈ ಅಕ್ಕ ಮದುವೆಯಾಗಿ ಬಂದ ಮೇಲೆ ಮನೆಯವರೆಲ್ಲ ಎರಡು ಸಲ ಮೈಸೂರು ನೋಡಿ ಬಂದಿದ್ದಾರೆ, ಅವಳು ಒಂದು ಸಲವೂ ಹೋಗಿಲ್ಲ. ಬಸ್ ಬಿಟ್ಟಿ ಆಯಿತು, ಕೊಟ್ಟಿಗೆ ಬಿಡಲಿಲ್ಲ. ಪ್ರವಾಸದ ಮಾತು ಎದ್ದಾಗ ಮೊದಲು ಇತ್ಯರ್ಥ ಆಗಬೇಕಾದ್ದು ರೂಮಲ್ಲ, ಗಾಡಿಯಲ್ಲ, ಈ ಹಾಲಿನ ವಿಷಯ. ಅದನ್ನು ಕೊನೆಗೆ ಇಟ್ಟುಕೊಂಡರೆ ಉಳಿಯುವವಳು ಯಾರು ಅನ್ನುವುದು ಎಲ್ಲರಿಗೂ ಗೊತ್ತು. ಒಂದು ದಿನದ ಮಟ್ಟಿಗೆ ನೆರೆಮನೆಯವರು ಕರೆದು ಹಾಕಲಿ, ಮುಂದಿನ ವಾರ ಅವರು ಹೋದಾಗ ನೀವು ಕರೆಯಿರಿ. ಕಳೆ ಕೀಳಲು ಮುಯ್ಯಾಳು ಮಾಡುತ್ತೇವಲ್ಲ, ಹಾಗೇ.

ಸರ್ಕಾರದ ಕಡೆಗೂ ಎರಡು ಮಾತು. ದಸರಾಕ್ಕೆ ಬರುವವರಲ್ಲಿ ಗೋಲ್ಡ್ ಕಾರ್ಡ್ ಕೊಂಡು ಕುರ್ಚಿಯಲ್ಲಿ ಕೂರುವವರಿಗೆ ಆನ್‌ಲೈನ್ ವ್ಯವಸ್ಥೆ ಇದೆ. ಚೀಲದಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಫುಟ್‌ಪಾತಿನಲ್ಲಿ ಕೂರುವವರೇ ಆ ಹಬ್ಬದ ಜನಸಾಗರ. ಅವರು ಹೇಳದೆ ಕೇಳದೆ ಬರುತ್ತಾರೆ ಅನ್ನುವುದು ಪ್ರತಿ ವರ್ಷ ಗೊತ್ತಿರುವ ವಿಷಯ. ಹಾಗಿದ್ದ ಮೇಲೆ ಮೆರವಣಿಗೆ ದಾರಿಯಲ್ಲಿ ಹೆಂಗಸರಿಗೆ ಸಾಕಾಗುವಷ್ಟು ತಾತ್ಕಾಲಿಕ ಶೌಚಾಲಯ, ಕುಡಿಯುವ ನೀರು, ರಾತ್ರಿ ಬಸ್ ತಪ್ಪಿದವರು ಮಕ್ಕಳ ಜೊತೆ ಮಲಗಲು ಒಂದಿಷ್ಟು ಶಾಲೆ ಕಟ್ಟಡ, ಇಷ್ಟನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬಹುದು. ಶಾಲೆಗಳಿಗೆ ಹೇಗೂ ರಜೆ.

ನಾವು ಮಾಡಬಹುದಾದ್ದೂ ಒಂದಿದೆ. ಮದುವೆಗೆ ಸರ್ಕಾರಿ ಬಸ್ ಮಾಡುತ್ತೇವಲ್ಲ, ಸಾಂದರ್ಭಿಕ ಒಪ್ಪಂದ ಅಂತಾರೆ ಅದಕ್ಕೆ. ಹಬ್ಬದ ಮುಂದಿನ ವಾರ ಡಿಪೋದಲ್ಲಿ ಬಸ್ ಸಿಗುವುದು ಅಷ್ಟು ಕಷ್ಟ ಅಲ್ಲ. ಡೇರಿ ಹತ್ತಿರ ಸಂಜೆ ಹಾಲು ಹಾಕಲು ಬಂದಾಗ ಒಂದು ಹಾಳೆಯಲ್ಲಿ ಹೆಸರು ಬರೆಸಿಕೊಂಡರೆ ಐವತ್ತು ಜನ ಆಗುವುದು ಎಷ್ಟು ಹೊತ್ತಿನ ಕೆಲಸ? ಈ ಬಸ್ಸಿಗೆ ಶಕ್ತಿ ಯೋಜನೆ ಬರುವುದಿಲ್ಲ, ಬಾಡಿಗೆ ಹಂಚಿಕೊಳ್ಳಬೇಕು. ಆದರೆ ಊರ ಬಾಗಿಲಲ್ಲಿ ಹತ್ತಿ ಊರ ಬಾಗಿಲಲ್ಲೇ ಇಳಿಯಬಹುದು, ಓಡಿಸುವವನು ಆ ಕೆಲಸ ಮಾಡಿಯೇ ಅನ್ನ ತಿನ್ನುವವನು. ಹೆಸರು ಬರೆಯುವಾಗ ಮೊದಲು ಹೆಂಗಸರದ್ದು ಬರೆಯಿರಿ. ಮಕ್ಕಳ ಅಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯುವುದನ್ನೂ ಮರೆಯಬೇಡಿ, ಗುಂಪಿನಲ್ಲಿ ಮಗು ಕೈತಪ್ಪಿದರೆ 112ಕ್ಕೆ ಫೋನ್ ಮಾಡಿ.